ಸಿನಿಮಾ ಪ್ರೊಫೆಸರರಿಗೆ ಕಲಿಸಿದ ಟೈಟ್ರೇಷನ್

ಹಾಲು ಕಾಯಿಸಿದ್ದು. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟಿದ್ದು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಮನೆಯವರ ಸ್ವೆಟರ್ ಹುಡುಕಿದ್ದು, ಸಿಕ್ಕಿದ್ದು ಇಸ್ತ್ರಿ ಬಟ್ಟೆಯ ಕೆಳಗೆ. ಲ್ಯಾಬಿನ ಬೀಗ ತೆಗೆದಿದ್ದು. ಗ್ಯಾಸಿನ ವಾಲ್ವು ಎರಡು ಸಲ ನೋಡಿದ್ದು. ಡಿಸ್ಟಿಲ್ಡ್ ವಾಟರಿಗೆ ಇಟ್ಟಿದ್ದು. ಹದಿನಾಲ್ಕು ಫ್ಲಾಸ್ಕಿಗೆ ಬಣ್ಣದ ನೀರು ಕಲಸಿದ್ದು.

ನನ್ನ ಸಣ್ಣ ಪುಸ್ತಕದಲ್ಲಿ ಶೂಟಿಂಗಿನ ಮೊದಲ ದಿನದ ಪುಟ ಹೀಗಿದೆ. ಕೊನೆಯದೊಂದು ಬಿಟ್ಟರೆ ಉಳಿದದ್ದೆಲ್ಲ ದಿನಾ ಇರುವಂಥದ್ದೇ.

ಚಿಕ್ಕಬಳ್ಳಾಪುರದ ಹೊರಗಿರುವ ಒಂದು ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಸಹಾಯಕಿ. ಹುಡುಗರು ಬರುವ ಮೊದಲು ಬಾಟಲಿ ಜೋಡಿಸುವುದು, ಅವರು ಹೋದ ಮೇಲೆ ತೊಳೆಯುವುದು, ಇಷ್ಟೇ ಕೆಲಸ. ಕಲ್ಲಿನ ಕಟ್ಟಡ, ಎತ್ತರದ ಕಿಟಕಿ. ಸೆಮಿಸ್ಟರ್ ರಜೆಯಲ್ಲಿ ಮೂರು ದಿನ ಅದನ್ನು ಒಂದು ಸಿನಿಮಾ ತಂಡಕ್ಕೆ ಕೊಟ್ಟರು. ಗಾಜಿನ ಸಾಮಾನು ಒಡೆಯದ ಹಾಗೆ ನೋಡಿಕೊಳ್ಳಲು ನನ್ನನ್ನು ನಿಲ್ಲಿಸಿದರು.

ಕಥೆ ನಡೆಯುವುದು ದೇಶದಲ್ಲೇ ದೊಡ್ಡದಾದ ಒಂದು ವಿಶ್ವವಿದ್ಯಾಲಯದಲ್ಲಿ. ನಮ್ಮ ಕಾಲೇಜು ಯಾಕೆ ಬೇಕಾಯಿತು ಅಂತ ಡೈರೆಕ್ಟರನ್ನು ಕೇಳಿದೆ. ಗಡ್ಡ ಬಿಟ್ಟ ಹುಡುಗ ಅವರು, ನನ್ನ ತಮ್ಮನಿಗಿಂತ ಚಿಕ್ಕವರು. ಕಿಟಕಿ ತೋರಿಸಿದರು. ಚಳಿಗಾಲದಲ್ಲಿ ಸ್ಕಂದಗಿರಿಯ ಕಡೆಯಿಂದ ಇಳಿಯುವ ಮೋಡ ಬೆಳಗ್ಗೆ ಎಂಟರವರೆಗೂ ಆ ಗಾಜಿಗೆ ಅಂಟಿಕೊಂಡೇ ಇರುತ್ತದೆ.

“ಈ ಮಂಜಿದೆಯಲ್ಲಮ್ಮ, ಇದಕ್ಕೇ ಬಂದಿದ್ದು. ಇದು ಹಿಂದುಗಡೆ ಇದ್ರೆ ಸಾಕು, ದೊಡ್ಡ ಯೂನಿವರ್ಸಿಟಿ ಅಂತ ಯಾರು ಬೇಕಾದ್ರೂ ನಂಬ್ತಾರೆ.”

“ಮಂಜು ಹೋದ್ಮೇಲೆ ದ್ರಾಕ್ಷಿ ತೋಟ ಕಾಣುತ್ತೆ ಸರ್.”

“ಆಗ ಕಿಟಕಿಗೆ ಬಿಳಿ ಬಟ್ಟೆ ಕಟ್ತೀವಿ.”

ಮೊದಲ ದಿನ ನನಗೆ ಹೇಳಿದ್ದು, ಮೇಜಿನ ತುಂಬ ಬಣ್ಣ ಬೇಕು ಅಂತ. ಕಾಪರ್ ಸಲ್ಫೇಟಿನಿಂದ ನೀಲಿ ಮಾಡಿದೆ, ಪರ್ಮಾಂಗನೇಟಿನ ಒಂದೆರಡು ಹರಳಿನಿಂದ ನೇರಳೆ, ನಿಕ್ಕಲ್ ಉಪ್ಪಿನಿಂದ ಹಸಿರು. ಕಿತ್ತಳೆ ಬಣ್ಣದ ರಾಸಾಯನಿಕ ವಿಷ, ಮುಟ್ಟಲು ಕೊಡುವುದಿಲ್ಲ ಅಂದೆ. ಅದಕ್ಕೆ ಟೀ ಡಿಕಾಕ್ಷನ್ ಹಾಕಿಕೊಂಡರು. ಫ್ಲಾಸ್ಕಿನ ಕೆಳಗೆ ದೀಪ, ಪಕ್ಕದಲ್ಲಿ ಡ್ರೈ ಐಸಿನ ಬಿಳಿ ಹೊಗೆ. ಗೋಡೆಯ ಬೋರ್ಡಿನ ತುಂಬ ಫಾರ್ಮುಲಾ. ಅದರಲ್ಲಿ ಅರ್ಧ ಫಿಸಿಕ್ಸಿನದು.

ನನಗೆ ಕುತೂಹಲ. ದೃಶ್ಯಗಳ ನಡುವೆ ಯಾವ ಸಾಮಾನು ಎಲ್ಲಿತ್ತು ಅಂತ ಫೋಟೋ ತೆಗೆದು ಬರೆದುಕೊಳ್ಳುವ ಹುಡುಗಿ ಒಬ್ಬಳಿದ್ದಳು. ಕಂಟಿನ್ಯುಟಿ ಅಂತಾರಂತೆ. ಅವಳನ್ನು ಕೇಳಿದೆ.

“ಅಲ್ಲ ಕಣಮ್ಮ, ದೊಡ್ಡ ಯೂನಿವರ್ಸಿಟೀಲಿ ಇಷ್ಟು ಬಣ್ಣ ಇರುತ್ತಾ?”

“ಹಂಗೇ ಇರುತ್ತಂತೆ ಮೇಡಂ.”

“ನೀನು ನೋಡಿದೀಯಾ?”

“ಸಿನಿಮಾದಲ್ಲಿ ನೋಡಿದೀನಿ.”

“ಡೈರೆಕ್ಟರು?”

ಅವಳು ನಕ್ಕಳು. “ಅವರೂ ಸಿನಿಮಾದಲ್ಲೇ ನೋಡಿರೋದು. ಹೇಳ್ಬೇಡಿ ಮತ್ತೆ.”

ದೊಡ್ಡ ಸಂಸ್ಥೆಯೊಂದನ್ನು ನಾನು ಒಂದೇ ಸಲ ನೋಡಿರುವುದು. ನಮ್ಮ ವಿಭಾಗದ ಮುಖ್ಯಸ್ಥರ ಜೊತೆ ಒಂದು ಸ್ಯಾಂಪಲ್ ಕೊಡಲು ಬೆಂಗಳೂರಿಗೆ ಹೋಗಿದ್ದೆ. ಉದ್ದನೆ ಕಾರಿಡಾರು. ಕೊನೆಯ ಕೋಣೆಯಲ್ಲಿ ಚಪ್ಪಲಿ ಹಾಕಿಕೊಂಡ ಒಬ್ಬರು ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಅವರು ಭಾರಿ ದೊಡ್ಡ ಪ್ರೊಫೆಸರು ಅಂತ ಆಮೇಲೆ ಗೊತ್ತಾಯಿತು. ಏನು ಮಾಡ್ತಿದೀರಿ ಸರ್ ಅಂತ ನಮ್ಮ ಮುಖ್ಯಸ್ಥರು ಕೇಳಿದ್ದಕ್ಕೆ, “ಕಾಯ್ತಾ ಇದೀನಿ” ಅಂದರು. ಅಲ್ಲಿ ಯಾರೂ ಓಡುತ್ತಿರಲಿಲ್ಲ, ಯಾರೂ ಕೂಗುತ್ತಿರಲಿಲ್ಲ. ಮೂಲೆಯಲ್ಲಿ ನನ್ನ ಹಾಗೇ ಒಬ್ಬ ಹೆಂಗಸು ಬಾಟಲಿ ತೊಳೆಯುತ್ತಿದ್ದರು. ಸಿನಿಮಾದ ಲ್ಯಾಬುಗಳಲ್ಲಿ ಕಾಣದಿರುವುದು ಇವೆರಡೇ, ಕಾಯುವುದು ಮತ್ತು ತೊಳೆಯುವುದು.

ಮಧ್ಯಾಹ್ನ ಪ್ರೊಫೆಸರ್ ಪಾತ್ರದ ಹಿರಿಯ ನಟರು ಬಂದರು. ಮುಖ ನೋಡಿದ ಕೂಡಲೇ ನನಗೆ ನಗು ಬಂತು. ಎಷ್ಟೋ ಸಿನಿಮಾಗಳಲ್ಲಿ ಅವರು ಪ್ರೊಫೆಸರಾಗಿ ಜಾರಿ ಬಿದ್ದಿದ್ದಾರೆ, ಅವರ ಪಾಠಕ್ಕೆ ಹುಡುಗರೆಲ್ಲ ಗೊರಕೆ ಹೊಡೆದಿದ್ದಾರೆ. ಈ ಸಲ ಹಾಗಲ್ಲ. ಸೇವೆಯ ಕೊನೆಯ ದಿನಗಳಲ್ಲಿರುವ ಪ್ರೊಫೆಸರು, ತನ್ನ ಶಿಷ್ಯೆಯ ಫಲಿತಾಂಶ ಸುಳ್ಳು ಅಂತ ಎಲ್ಲರೂ ಅಂದಾಗ, ಬೆಳಗಿನ ಜಾವ ಒಬ್ಬರೇ ಲ್ಯಾಬಿಗೆ ಬಂದು ಅದನ್ನು ಮತ್ತೆ ಮಾಡಿ ನೋಡುತ್ತಾರೆ. ಮಾತಿಲ್ಲ. ಮುಖ ಮತ್ತು ಕೈ ಒಂದೇ ಚೌಕಟ್ಟಿನಲ್ಲಿ, ನಡುವೆ ಕತ್ತರಿಸದೆ ತೆಗೆಯಬೇಕಾದ ದೃಶ್ಯ.

ತಾಲೀಮಿಗೆ ನೀಲಿ ನೀರನ್ನು ಒಂದು ಪ್ರನಾಳದಿಂದ ಇನ್ನೊಂದಕ್ಕೆ ಸುರಿಯಲು ಹೇಳಿದರು. ಪ್ರನಾಳದ ಅಂಚು ಇನ್ನೊಂದರ ಅಂಚಿಗೆ ತಾಗಿ ಕಿಣಿಕಿಣಿ ಅಂತು. ನೀರು ಮೇಜಿಗೆ ಚೆಲ್ಲಿತು. ಮತ್ತೆ ಮಾಡಿದರು, ಮತ್ತೆ ಕಿಣಿಕಿಣಿ. ಬಲಗೈ ನಡುಗುತ್ತಿತ್ತು. ಡೈರೆಕ್ಟರು, “ನಾಳೆ ನೋಡೋಣ ಸಾರ್, ರೆಸ್ಟ್ ತಗೊಳ್ಳಿ” ಅಂದರು. ತುಂಬ ಮೆತ್ತಗೆ ಅಂದರು, ಅದೇ ಭಯ ಹುಟ್ಟಿಸಿತು.

ಐದಕ್ಕೆ ತಂಡ ಹೋಯಿತು. ನಾನು ಸೆರಗು ಸಿಕ್ಕಿಸಿ, ಹದಿನಾಲ್ಕೂ ಫ್ಲಾಸ್ಕು ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ರ್‍ಯಾಕಿಗೆ ಬೋರಲು ಹಾಕಿ, ಬೀಗ ಹಾಕಿ ಬಂದೆ.

ಮಾರನೆ ದಿನ ಆರೂವರೆಗೆ ಮಂಜು ಕಿಟಕಿಗೆ ಬಂದಿತ್ತು. ಬೀಗ ತೆಗೆದದ್ದೇ ತಡ, ಕಂಟಿನ್ಯುಟಿ ಹುಡುಗಿ ಚೀರಿದಳು.

“ಮೇಡಂ! ಬಣ್ಣ ಎಲ್ಲಿ?”

“ತೊಳೆದೆ.”

“ಯಾಕೆ?”

ಇಪ್ಪತ್ನಾಲ್ಕು ವರ್ಷದಿಂದ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು. ನಿನ್ನೆ ಅರ್ಧ ಚಿತ್ರೀಕರಿಸಿದ ದೃಶ್ಯದ ಉಳಿದರ್ಧವನ್ನು ಈವತ್ತು ಮೊದಲು ಮುಗಿಸಬೇಕಿತ್ತಂತೆ, ಆಮೇಲೆ ಪ್ರೊಫೆಸರ್ ದೃಶ್ಯ. ಬಣ್ಣ ಒಂದು ಚೂರು ಬದಲಾದರೂ ಗೊತ್ತಾಗುತ್ತಂತೆ. ಹುಡುಗಿಯ ಫೋನಿನಲ್ಲಿ ಚಿತ್ರವಿತ್ತು. ಆದರೆ ಫೋನಿನ ನೀಲಿ ನಿಜವಾದ ನೀಲಿ ಅಲ್ಲ. ನಾನು ಬ್ಯಾಗಿನಿಂದ ನನ್ನ ಪುಸ್ತಕ ತೆಗೆದೆ. ಅದರ ಇನ್ನೊಂದು ಪುಟದಲ್ಲಿತ್ತು: ಒಂದನೆಯದು ಕಾ.ಸ. ಕಾಲು ಚಮಚ, ನೀರು ಅರ್ಧ ಲೀಟರು, ಎರಡನೆಯದು ಪರ್ಮಾಂಗನೇಟು ಎರಡು ಹರಳು, ಹಾಗೆ ಹದಿನಾಲ್ಕರವರೆಗೆ. ಡಿಕಾಕ್ಷನ್ನಿನ ಪುಡಿ ಎಷ್ಟು ಅನ್ನುವುದೂ ಇತ್ತು. ಹುಡುಗಿ ಆ ಪುಟಕ್ಕೂ ಒಂದು ಫೋಟೋ ತೆಗೆದುಕೊಂಡಳು. ಆದರೂ ಎಲ್ಲ ಕಲಸಿ ಮುಗಿಸುವ ಹೊತ್ತಿಗೆ ಎಂಟು ದಾಟಿತು. ಕಿಟಕಿಯಲ್ಲಿ ದ್ರಾಕ್ಷಿ ತೋಟ ಕಾಣಿಸಿತು, ಕಂಬಕ್ಕೆ ಕಟ್ಟಿದ ತಂತಿಯ ಸಮೇತ.

ಡೈರೆಕ್ಟರು ನನ್ನನ್ನು ಬಯ್ಯಲಿಲ್ಲ. ಕುರ್ಚಿಯಲ್ಲಿ ಕೂತು ತಲೆ ಕೆರೆದುಕೊಂಡರು. ಬೆಳಗಿನ ಜಾವಕ್ಕೆ ಬಿಳಿ ಬಟ್ಟೆ ಸಾಲದು ಅಂತ ಪ್ರೊಫೆಸರ್ ದೃಶ್ಯ ನಾಳೆಗೆ ಹೋಯಿತು. ನಾಳೆಯೇ ಕೊನೆ. ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ನನಗೂ ಕೇಳಿಸಿತು, ವರಾಂಡದಲ್ಲಿದ್ದ ಹಿರಿಯರಿಗೂ ಕೇಳಿಸಿತು. “ಕೈ ಬೇರೆಯವರದು ಹಾಕಿ ಕ್ಲೋಸಪ್ ತಗೋತೀನಿ. ಅದೂ ಸರಿ ಕಾಣ್ಲಿಲ್ಲ ಅಂದ್ರೆ ಪಾತ್ರಾನೇ ಬೇರೆಯವರಿಗೆ. ನಾಳೆ ಬೆಳಗ್ಗೆ ಆ ಇನ್ನೊಬ್ಬ ನಟರನ್ನ ಕಾರಲ್ಲಿ ಕೂರಿಸಿ ಕಳ್ಸಿಬಿಡಿ, ಇಲ್ಲೇ ಕಾದಿರ್ಲಿ.”

ಊಟದ ಹೊತ್ತಿಗೆ ನಾನು ವರಾಂಡದ ಮೆಟ್ಟಿಲ ಮೇಲೆ ಕೂತೆ. ಲ್ಯಾಬಿನೊಳಗೆ ತಿನ್ನುವುದಿಲ್ಲ, ಕುಡಿಯುವುದಿಲ್ಲ. ಬೀಕರಿನಲ್ಲಿ ಕಾಫಿ ಕುಡಿಯುವ ಪ್ರೊಫೆಸರನ್ನು ತೋರಿಸುತ್ತೇವೆ ಅಂದಾಗಲೂ ನಾನು ಒಪ್ಪಿರಲಿಲ್ಲ. ಅವರೆಕಾಯಿ ಕಾಲ. ಕಾಳನ್ನು ರಾತ್ರಿಯೇ ನೆನೆಹಾಕಿದ್ದೆ. ಮನೆಯಲ್ಲಿ ಹಿತುಕಲು ಬಿಡುವಿಲ್ಲ ಅಂತ ಡಬ್ಬಿಯಲ್ಲಿ ತಂದಿದ್ದೆ. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಟುಪಕ್ ಅಂತ ಬಟ್ಟಲಿಗೆ ಬೀಳುತ್ತದೆ. ಹಿರಿಯರು ಬಂದು ಪಕ್ಕದ ಮೆಟ್ಟಿಲಲ್ಲಿ ಕೂತರು.

“ಎಷ್ಟು ವರ್ಷ ಆಯ್ತಮ್ಮ ಇದನ್ನ ನೋಡಿ. ನಮ್ಮೂರು ಗೌರಿಬಿದನೂರಿನ ಕಡೆ. ನಮ್ಮಮ್ಮ ಮೊರ ತುಂಬ ಹಿತುಕೋರು.”

“ನಿಮ್ಮನ್ನ ಒಂದು ಕೇಳಲಾ ಸರ್? ಪ್ರೊಫೆಸರ್ ಪಾರ್ಟು ಹೆಂಗೆ ಮಾಡ್ತೀರಿ? ನೋಡ್ಕೊಂಡು ಬರ್ತೀರಾ ಯಾರನ್ನಾದ್ರೂ?”

“ಯಾರನ್ನ ನೋಡೋದು? ಹತ್ತೊಂಬತ್ತು ಸಲ ಪ್ರೊಫೆಸರಾಗಿದೀನಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ನಾಟಕದ ಕಂಪನಿ ಸೇರ್ದೋನು ನಾನು, ಕಾಲೇಜಿನ ಮೆಟ್ಲು ಹತ್ತಿದ್ದೆಲ್ಲ ಶೂಟಿಂಗಿಗೇ.” ಕನ್ನಡಕವನ್ನು ಮೂಗಿನ ತುದಿಗೆ ತಂದರು. “ಹಿಂಗಿದ್ರೆ ಪ್ರೊಫೆಸರು.” ಹಣೆಯ ಮೇಲೆ ಏರಿಸಿ, ಜೇಬಿನಲ್ಲಿ ಹುಡುಕಿದರು. “ಹಿಂಗಿದ್ರೆ ಕಾಮಿಡಿ ಪ್ರೊಫೆಸರು.”

ಇಬ್ಬರೂ ನಕ್ಕೆವು. ಆಮೇಲೆ ಅವರು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, “ಇದೊಂದು ನಿಜವಾದ ಪಾರ್ಟು ಬಂದಿತ್ತು” ಅಂದರು. “ಕೈ ನಡುಗುತ್ತೆ ಅಂತ ಒಂದು ಸಲ ಜನರ ಬಾಯಿಗೆ ಬಿತ್ತು ಅಂದ್ರೆ ಮುಗೀತಮ್ಮ. ಆಮೇಲೆ ಜಾರಿ ಬೀಳೋ ಪಾರ್ಟಿಗೂ ಕರೆಯಲ್ಲ.”

ನಾನು ಕಾಳಿನ ಡಬ್ಬಿಯನ್ನು ಅವರ ಕಡೆ ಸರಿಸಿದೆ. ಅವರು ಬಲಗೈ ಮಡಿಲಲ್ಲೇ ಬಿಟ್ಟು, ಎಡಗೈಯಲ್ಲಿ ಒಂದು ಕಾಳು ತೆಗೆದುಕೊಂಡು ಒತ್ತಿದರು. ನುಜ್ಜಾಯಿತು. “ಅಷ್ಟು ಜೋರಾಗಲ್ಲ ಸರ್. ಜಾರೋವರೆಗೂ ಒತ್ತಿ, ಜಾರ್ತು ಅಂದ್ರೆ ಬಿಟ್ಬಿಡಿ” ಅಂದೆ. ಎರಡನೆಯದೂ ನುಜ್ಜು. ಒಂದು ಹಿಡಿಯಷ್ಟು ಹಾಳಾದ ಮೇಲೆ ಬೇಳೆ ಇಡಿಯಾಗಿ ಬೀಳತೊಡಗಿತು. ನಾನು ಆ ಎಡಗೈಯನ್ನೇ ನೋಡುತ್ತಿದ್ದೆ. ಅದು ನಡುಗುತ್ತಿರಲಿಲ್ಲ.

ಆಗ ಲ್ಯಾಬಿನ ಬ್ಯುರೆಟ್ಟು ನೆನಪಾಯಿತು. ಬ್ಯುರೆಟ್ಟು ಅಂದರೆ ಅಳತೆಯ ಗೆರೆಗಳಿರುವ ಉದ್ದನೆ ಗಾಜಿನ ಕೊಳವೆ, ಕೆಳಗಡೆ ಒಂದು ಪುಟ್ಟ ನಲ್ಲಿ. ಸ್ಟ್ಯಾಂಡಿಗೆ ಕಟ್ಟಿರುತ್ತದೆ. ಅದರೊಳಗೆ ಕ್ಷಾರ, ಕೆಳಗಿನ ಫ್ಲಾಸ್ಕಿನಲ್ಲಿ ಆಮ್ಲ. ಆಮ್ಲಕ್ಕೆ ಎರಡು ಹನಿ ಫಿನಾಫ್ತಲೀನ್ ಹಾಕಿದರೂ ನೀರಿನ ಹಾಗೇ ಇರುತ್ತದೆ. ಮೇಲಿನಿಂದ ಕ್ಷಾರ ಬಿಡುತ್ತಾ ಹೋದರೆ ಎಲ್ಲೋ ಒಂದು ಹನಿಗೆ ಇಡೀ ಫ್ಲಾಸ್ಕು ತೆಳು ಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಹನಿ ಬಿದ್ದರೆ ಕಡುಗುಲಾಬಿ, ಲೆಕ್ಕ ಕೆಟ್ಟಿತು. ಟೈಟ್ರೇಷನ್ ಅಂದರೆ ಇದೇ, ಇದಿಷ್ಟು ನಮ್ಮ ಹುಡುಗರಿಗೆಲ್ಲ ಗೊತ್ತು. ನನಗೆ ಆಗ ಹೊಳೆದದ್ದು ಕೈಯ ವಿಷಯ. ನಲ್ಲಿ ತಿರುಗಿಸುವುದು ಎಡಗೈ. ಬಲಗೈಯ ಕೆಲಸ ಫ್ಲಾಸ್ಕನ್ನು ಬಿಡದೆ ಅಲ್ಲಾಡಿಸುವುದು. ಅಲ್ಲಿ ನಡುಗುವ ಕೈಗೂ ನಡುಗದ ಕೈಗೂ ವ್ಯತ್ಯಾಸ ಕಾಣುವುದಿಲ್ಲ.

ಡೈರೆಕ್ಟರ ಹತ್ತಿರ ಹೋಗುವ ಮೊದಲು ಎರಡು ಸಲ ಹಿಂದೆ ಬಂದೆ. ನನ್ನ ಕೆಲಸ ಗಾಜು ಕಾಯುವುದು, ಅಲ್ಲದೆ ಬೆಳಗ್ಗೆ ತಾನೇ ಅವರ ಅರ್ಧ ದಿನ ತೊಳೆದು ಹಾಕಿದ್ದೆ. ಕಡೆಗೆ ಹೋದೆ.

“ಸರ್, ಆ ನೀಲಿ ನೀರಲ್ಲಿ ಏನೂ ಕಂಡುಹಿಡಿಯಕ್ಕಾಗಲ್ಲ. ಅದು ಬರೀ ನೀಲಿ ನೀರು.”

“ನೋಡೋರಿಗೆ ಏನಾದ್ರೂ ಕಾಣ್ಬೇಕಲ್ಲಮ್ಮ.”

“ಕಾಣೋ ಅಂಥದ್ದೇ ಒಂದಿದೆ. ಎರಡು ನಿಮಿಷ ಏನೂ ಆಗಲ್ಲ. ಆಮೇಲೆ ಒಂದೇ ಹನಿಗೆ ಬಣ್ಣ ಬರುತ್ತೆ.”

“ಎರಡು ನಿಮಿಷ ಒಬ್ಬ ಮುದುಕ ಬಾಟ್ಲಿ ಅಲ್ಲಾಡ್ಸೋದನ್ನ ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ ಸರ್. ಎಲ್ಲ ಪರೀಕ್ಷೇಲೂ ನೋಡ್ತೀನಿ. ಪ್ರಶ್ನೆಪತ್ರಿಕೆ ನೋಡಿದಾಗ್ಲೂ ಹುಡುಗರ ಮುಖ ಹಂಗಾಗಲ್ಲ.”

ಅವರು ಗಡ್ಡ ಉಜ್ಜಿಕೊಂಡರು. “ಮಾಡಿ ತೋರ್ಸಿ” ಅಂದರು. ನಾನು ಮಾಡಿ ತೋರಿಸಿದೆ. ಬಣ್ಣ ಬಂದಾಗ ಕ್ಯಾಮೆರಾದವರು “ಅರೆರೆ” ಅಂದರು. ಡೈರೆಕ್ಟರು ಮೂರು ಸಲ ಮಾಡಿಸಿ ನೋಡಿ, ಮೇಜಿನಿಂದ ಹದಿನಾಲ್ಕು ಫ್ಲಾಸ್ಕಿನಲ್ಲಿ ಹನ್ನೆರಡನ್ನು ತೆಗೆಸಿದರು. ಆದರೆ ಒಂದು ಮಾತು ಸೇರಿಸಿದರು. ಬೇರೆ ನಟರು ನಾಳೆ ಬಂದೇ ಬರುತ್ತಾರೆ. ಮಂಜು ಕರಗುವುದರೊಳಗೆ ಇವರು ಮಾಡಿದರೆ ಮಾಡಿದರು, ಇಲ್ಲವಾದರೆ ಇಲ್ಲ.

ಮಧ್ಯಾಹ್ನವೆಲ್ಲ ಹಿರಿಯರಿಗೆ ಕಲಿಸಿದೆ. ಬ್ಯುರೆಟ್ಟನ್ನು ಮೊದಲು ನೀರಿನಲ್ಲಿ, ಆಮೇಲೆ ಅದೇ ಕ್ಷಾರದಲ್ಲಿ ಜಾಲಿಸಬೇಕು. ತುದಿಯಲ್ಲಿ ಗಾಳಿಗುಳ್ಳೆ ಇರಬಾರದು. ನೀರಿನ ಮೇಲ್ಮೈ ಬಾಗಿರುತ್ತದೆ, ಬಾಗಿನ ಕೆಳ ಅಂಚನ್ನು ಕಣ್ಣಿನ ಸಮಕ್ಕೆ ತಂದು ಓದಬೇಕು. ಫ್ಲಾಸ್ಕಿನ ಕೆಳಗೆ ಬಿಳಿ ಟೈಲು. ಎಡಗೈಯನ್ನು ಕೊಳವೆಯ ಹಿಂದಿನಿಂದ ಸುತ್ತಿ ತಂದು ನಲ್ಲಿ ಹಿಡಿಯಬೇಕು. ಅದು ಅವರಿಗೆ ಬರಲೇ ಇಲ್ಲ. ಒಂದೋ ಪೂರಾ ಬಿಡುವುದು, ಇಲ್ಲ ಪೂರಾ ಮುಚ್ಚುವುದು. ಆರು ಸಲ ಕಡುಗುಲಾಬಿ.

“ಅವರೆಕಾಳು ಸರ್” ಅಂದೆ. “ಜಾರೋವರೆಗೂ, ಅಷ್ಟೇ.”

ಏಳನೆಯದಕ್ಕೆ ಹನಿ ಹನಿಯಾಗಿ ಬಂತು. ಬಲಗೈ ಅಷ್ಟು ಹೊತ್ತೂ ತನ್ನ ಪಾಡಿಗೆ ಫ್ಲಾಸ್ಕು ಅಲ್ಲಾಡಿಸುತ್ತಿತ್ತು. ಆದರೆ ಹತ್ತನೆಯ ಸಲದ ಹೊತ್ತಿಗೆ ಇನ್ನೊಂದು ತೊಂದರೆ ಕಂಡಿತು. ಹನ್ನೆರಡು ಮಿಲಿಲೀಟರಿಗೆ ಬಣ್ಣ ಬರುತ್ತದೆ ಅಂತ ಅವರಿಗೆ ಬಾಯಿಪಾಠವಾಗಿತ್ತು. ಗೆರೆ ಹನ್ನೆರಡರ ಹತ್ತಿರ ಬಂದಾಗ ಹುಬ್ಬು ಏರಿಸಿ, ಬಾಯಿ ತೆರೆದು, ಬಣ್ಣ ಬರುವ ಮೊದಲೇ ಆಶ್ಚರ್ಯಪಡುತ್ತಿದ್ದರು. ಥೇಟ್ ಸಿನಿಮಾ ಪ್ರೊಫೆಸರು.

ಆ ಸಂಜೆ ಬೇಳೆ ಅಡುಗೆಯಾಗಲಿಲ್ಲ. ಅತ್ತೆಗೆ ಏಕಾದಶಿ ಅನ್ನುವುದನ್ನು ಮರೆತೇ ಕಾಳು ನೆನೆಸಿದ್ದೆ. ಅವರು ಚಿಂತಾಮಣಿಯ ಆಚೆಯ ಊರಿನವರು, ಅಕ್ಕರೆ ಬಂದಾಗ ತೆಲುಗೇ. “ಏಮ್ಮಾ, ಸಿನಿಮಾಲೋ ನುವ್ವು ಕನಪಡ್ತಾವಾ?” ಅಂದರು, ನೀನು ಕಾಣಿಸ್ತೀಯಾ ಅಂತ. ಇಲ್ಲ ಅಂದೆ. ಬೇಳೆಯನ್ನು ಫ್ರಿಜ್ಜಿನಲ್ಲಿಟ್ಟು, ತಾಲೀಮು ಯಾಕೆ ಕೆಟ್ಟಿತು ಅಂತ ಯೋಚಿಸಿದೆ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮಲ್ಲೊಂದು ಪದ್ಧತಿ. ಒಬ್ಬೊಬ್ಬ ಹುಡುಗನಿಗೂ ಬೇರೆ ಬೇರೆ ಅಳತೆಯ ಆಮ್ಲ ಹಾಕಿಟ್ಟಿರುತ್ತೇನೆ. ಯಾರಿಗೆ ಎಷ್ಟು ಅನ್ನುವುದು ನನ್ನ ಚೀಟಿಯಲ್ಲಿ ಮಾತ್ರ. ಅದಕ್ಕೆ ‘ಅನ್‌ನೋನ್’ ಅಂತ ಹೆಸರು. ಪಕ್ಕದವನದು ನೋಡಿ ಬರೆಯಲು ಆಗುವುದಿಲ್ಲ, ಊಹಿಸಲೂ ಆಗುವುದಿಲ್ಲ. ಕಾಯಲೇಬೇಕು. ಹಿರಿಯರಿಗೂ ಅನ್‌ನೋನ್ ಕೊಡುವುದು ಅಂತ ತೀರ್ಮಾನ ಮಾಡಿದೆ.

ಮೂರನೆಯ ದಿನ ಆರಕ್ಕೇ ಹೋಗಿ ಮೂರು ಫ್ಲಾಸ್ಕು ತುಂಬಿದೆ, ಒಂದೊಂದರಲ್ಲಿ ಒಂದೊಂದು ಅಳತೆ. ಚೀಟಿಯನ್ನು ರವಿಕೆಯೊಳಗೆ ಸೇರಿಸಿದೆ. ಡೈರೆಕ್ಟರಿಗೆ ಸಿಟ್ಟು ಬಂತು.

“ಯಾವಾಗ ಬಣ್ಣ ಬರುತ್ತೆ ಅಂತ ಗೊತ್ತಿಲ್ದೆ ನಾನು ಕ್ಯಾಮೆರಾ ಹೆಂಗಮ್ಮ ಮೂವ್ ಮಾಡ್ಸ್ಲಿ? ನನಗಾದ್ರೂ ಹೇಳಿ.”

“ಪರೀಕ್ಷೇಲಿ ಪ್ರಿನ್ಸಿಪಾಲರು ಕೇಳಿದ್ರೂ ಹೇಳಲ್ಲ ಸರ್. ನೀವೂ ಕಾಯಿರಿ.”

ಹೊರಗೆ ಒಂದು ಕಾರು ಬಂದು ನಿಂತಿತ್ತು. ಇನ್ನೊಬ್ಬ ನಟರು ಅದರೊಳಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಹಿರಿಯರು ಅದನ್ನು ನೋಡಿಯೇ ಒಳಗೆ ಬಂದಿದ್ದರು.

ಮೊದಲ ಸಲ ಕೆಟ್ಟಿತು. ಹನ್ನೆರಡು ದಾಟಿದರೂ ಬಣ್ಣ ಬರಲಿಲ್ಲ ಅಂತ ಗಾಬರಿಯಾಗಿ ನಲ್ಲಿ ಜಾಸ್ತಿ ತಿರುಗಿಸಿಬಿಟ್ಟರು. ಫ್ಲಾಸ್ಕು ಬೀಟ್‌ರೂಟ್ ನೀರಿನ ಹಾಗಾಯಿತು. ಕಿಟಕಿಯ ಮೇಲಂಚಿನಲ್ಲಿ ಬೆಳಕು ಒಡೆಯುತ್ತಿತ್ತು. ನಾನು ಬ್ಯುರೆಟ್ಟು ಮತ್ತೆ ತುಂಬಿ, ಗುಳ್ಳೆ ತೆಗೆದು, ಎರಡನೆಯ ಫ್ಲಾಸ್ಕು ಟೈಲಿನ ಮೇಲಿಟ್ಟೆ. “ನಿಧಾನ ಸರ್” ಅಂದೆ ಅಷ್ಟೇ.

ಮಂಜು ಇನ್ನೂ ಕೆಳಗಿನ ಗಾಜುಗಳಲ್ಲಿತ್ತು. ಕ್ಯಾಮೆರಾ ಓಡಿತು. ಅವರು ನಲ್ಲಿ ತಿರುಗಿಸಿದರು. ಎಂಟು, ಒಂಬತ್ತು, ಹತ್ತು. ಆಮೇಲೆ ಹನಿ. ಒಂದು ಹನಿ ಬಿದ್ದ ಕಡೆ ಗುಲಾಬಿ ಎಳೆ ಕಾಣಿಸಿ, ಅಲ್ಲಾಡಿಸಿದಾಗ ಮಾಯವಾಯಿತು. ಇನ್ನೊಂದು. ಮಾಯವಾಯಿತು. ಕನ್ನಡಕ ತಾನಾಗಿಯೇ ಮೂಗಿನ ತುದಿಗೆ ಜಾರಿತ್ತು, ಅದನ್ನು ಸರಿಮಾಡಲು ಕೈ ಬಿಡುವಿರಲಿಲ್ಲ. ಇನ್ನೊಂದು ಹನಿ ತುದಿಯಲ್ಲಿ ತೂಗಿ, ಬಿತ್ತು. ಫ್ಲಾಸ್ಕು ತೆಳುವಾಗಿ ಗುಲಾಬಿಯಾಯಿತು, ಹಾಗೇ ನಿಂತಿತು. ಅವರು ನಲ್ಲಿ ಮುಚ್ಚಿದರು. ಹುಬ್ಬು ಏರಲಿಲ್ಲ. ಬೆಂಗಳೂರಿನಲ್ಲಿ ಯಂತ್ರದ ಮುಂದೆ ಕೂತಿದ್ದರಲ್ಲ, ಅವರ ಮುಖದ ಹಾಗಿತ್ತು. ಬಗ್ಗಿ, ಕಣ್ಣನ್ನು ಗೆರೆಯ ಸಮಕ್ಕೆ ತಂದು ಓದಿದರು.

ಡೈರೆಕ್ಟರು ಕಟ್ ಅನ್ನಲು ಮರೆತಿದ್ದರು. ಆಮೇಲೆ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯರು ಯಾರ ಕಡೆಗೂ ನೋಡದೆ ನೇರ ನನ್ನ ಹತ್ತಿರ ಬಂದರು.

“ಹನ್ನೊಂದು ಪಾಯಿಂಟ್ ಎರಡು. ಸರೀನಾ?”

ಪರೀಕ್ಷೆ ಮುಗಿಸಿ ಹೊರಗೆ ಬಂದ ಪ್ರತಿ ಹುಡುಗನೂ ನನ್ನನ್ನು ಹೀಗೇ ಕೇಳುತ್ತಾನೆ, ಇದೇ ದನಿಯಲ್ಲಿ. ಯಾರಿಗೂ ಹೇಳಿದವಳಲ್ಲ. ಚೀಟಿ ತೆಗೆದು ಅವರ ಕೈಗೇ ಕೊಟ್ಟೆ. ಹನ್ನೊಂದು ಪಾಯಿಂಟ್ ಎರಡು ಅಂತಲೇ ಇತ್ತು. ಅವರು ಅದನ್ನು ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಹೊರಗೆ ಕಾರಿನ ಬಾಗಿಲು ತೆಗೆದ ಸದ್ದು ಕೇಳಿತು. ಡೈರೆಕ್ಟರೇ ಹೋಗಿ, ಬಂದವರಿಗೆ ಕಾಫಿ ಕುಡಿಸಿ ಕಳಿಸಿದರು.

ನಾನು ಫ್ಲಾಸ್ಕಿಗೆ ಕೈ ಹಾಕಿದ್ದೇ ತಡ, ಕಂಟಿನ್ಯುಟಿ ಹುಡುಗಿ ಓಡಿ ಬಂದಳು. “ತೊಳೀಬೇಡಿ ಮೇಡಂ!”

“ಇದನ್ನ ಇಟ್ಕೊಳ್ಳಕ್ಕಾಗಲ್ಲ ಕಣಮ್ಮ. ಗಾಳಿ ತಾಗಿ ತಾನೇ ಬಣ್ಣ ಹೋಗ್ಬಿಡುತ್ತೆ.”

ಅವಳು ನಂಬದೆ ಅಲ್ಲೇ ನಿಂತು ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಹೋಗಿತ್ತು. ಕಿಟಕಿಯಲ್ಲಿ ದ್ರಾಕ್ಷಿ ತೋಟ ಬಂದಿತ್ತು.

ರಾತ್ರಿ ಮುದ್ದೆ, ಹಿತುಕಿದ ಬೇಳೆ ಸಾರು. ಮನೆಯವರು ಎರಡನೆಯ ಸಲ ಬಡಿಸಿಕೊಂಡರು. ಅತ್ತೆ ತಟ್ಟೆಯಲ್ಲಿ ಬೆರಳಾಡಿಸಿ, “ಯಾರೇ ಇದನ್ನ ಹಿತುಕಿದ್ದು? ಎಷ್ಟೊಂದು ನುಜ್ಜಾಗಿದೆ” ಅಂದರು.

“ಪ್ರೊಫೆಸರು” ಅಂದೆ.

“ಯಾವ ಯೂನಿವರ್ಸಿಟಿ?” ಅಂತ ಮನೆಯವರು ಕೇಳಿದರು.

ಹೇಳಿದರೆ ಉದ್ದವಾಗುತ್ತಿತ್ತು. ಪಾತ್ರೆಯೆಲ್ಲ ತೊಳೆಯದೆ ಸಿಂಕಿನಲ್ಲಿ ಹಾಗೇ ಬಿಟ್ಟೆ. ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದರು. ಆವತ್ತು ಮೊದಲು ಮಲಗಿದ್ದು ನಾನು.